ಪಕ್ಷಿಶಾಸ್ತ್ರಜ್ಞ ಡಾ. ಸಲೀಂ ಅಲಿ

ಮುಂಡಗೋಡ ತಾಲೂಕಿನ ಅತ್ತಿವೇರಿ ಜಲಾಶಯದ ಹೆಸರನ್ನು ಕೇಳದವರು ನಮ್ಮ ಕಾಲೇಜಿನಲ್ಲಿ ವಿರಳ. ಜಲಾಶಯವೂ ಅದರ ಸುತ್ತಲಿನ ನೆಲವೂ ಸೇರಿ ಎರಡು ಚದರ ಕಿಲೋಮೀಟರಿಗಿಂತ ತುಸು ಹೆಚ್ಚಿನ ಪ್ರದೇಶವು ಈಗ ಪಕ್ಷಿಧಾಮವೆನಿಸಿಕೊಂಡಿದೆ. ಚಮಚದ ಕೊಕ್ಕಿನ ಹಕ್ಕಿ, ಬಿಳಿ ಕೆಂಬರಲು, ಬಾಯ್ಕಳಕ ಕೊಕ್ಕರೆ, ನೀರುಕಾಗೆ, ಮಿಂಚುಳ್ಳಿ ಮೊದಲಾದವು ಇಲ್ಲಿ ಕಾಣಸಿಗುತ್ತವೆ. ದೀಪಾವಳಿ ಕಳೆದು ಭತ್ತದ ಕೊಯ್ಲು ಸಾಗಿರುವಾಗ ಇವುಗಳ ಸಂಗಡ ಹೊಸ ಅತಿಥಿಗಳೂ ಬಂದು ಕೂಡಿಕೊಳ್ಳುತ್ತವೆ. ತಂತಿಯ ಮೇಲೆ ಸಾಲಾಗಿ ಕುಳಿತುಕೊಳ್ಳುವ ಕವಲುಬಾಲದ ಅಂಬರಗುಬ್ಬಿಗಳು, ನೀರಂಚಿನ ಕೆಸರಿನಲ್ಲಿ ಬಾಲ ಕುಣಿಸುತ್ತ ಓಡಾಡುವ ಸಿಪಿಲೆಗಳು, ಇಂಥವೆಲ್ಲ ಬೇಸಗೆ ಬಲಿಯುವ ಮುನ್ನ ಹೇಳದೆ ಕೇಳದೆ ಹೊರಟುಹೋಗುತ್ತವೆ. ಘಟ್ಟದ ಕೆಳಗೆ, ಕುಮಟೆಯ ಬಳಿಯ ಅಘನಾಶಿನಿಯ ಅಳಿವೆಯಲ್ಲಿಯೂ ಚಳಿಗಾಲದ ಗೊರವಗಳು ಕೆಸರುಬಯಲಿನ ತುಂಬ ಹರಡಿಕೊಂಡು ಮೇಯುತ್ತವೆ.

ಇವು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರೆ ಇಂದು ಶಾಲೆಯ ಹುಡುಗನೂ ಹಿಮಾಲಯದಾಚೆಯ ದೇಶಗಳ ಹೆಸರು ಹೇಳಿಯಾನು. ಆದರೆ ಈ ಉತ್ತರವು ತಾನಾಗಿ ದೊರೆತುದಲ್ಲ. ಹಕ್ಕಿಯೊಂದನ್ನು ಕೈಯಲ್ಲಿ ಹಿಡಿದು, ಅದರ ಕಾಲಿಗೆ ಅಂಕೆ ಕೊರೆದ ಸಣ್ಣ ಅಲ್ಯೂಮಿನಿಯಂ ಬಳೆ ತೊಡಿಸಿ, ಹಾರಿಬಿಟ್ಟು, ವರ್ಷಗಟ್ಟಲೆ ಕಾದು ಕುಳಿತವರು ಅದನ್ನು ಕಂಡುಕೊಂಡರು. ಭಾರತದಲ್ಲಿ ಅಂಥ ಕೆಲಸಕ್ಕೆ ದೊಡ್ಡ ಪ್ರಮಾಣದಲ್ಲಿ ಕೈಯಿಕ್ಕಿದವರು ಡಾ. ಸಲೀಂ ಅಲಿಯವರು. ಅವರ ಹೆಸರು ಲೋಕಪ್ರಸಿದ್ಧವಾದುದು. ಆದರೂ ಅವರ ಜೀವನದ ಎಳೆಗಳು ನಮ್ಮ ಜಿಲ್ಲೆಯ ಕಡೆಗೂ ನೆರೆಯ ಶಿವಮೊಗ್ಗೆಯ ಕಡೆಗೂ ಹೇಗೆ ಬಂದು ತಗಲುತ್ತವೆಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಆದಕಾರಣ ಆ ಮಹನೀಯರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸಿದ್ದೇನೆ.

ಸಲೀಂ ಅಲಿಯವರು 1896ನೆಯ ಇಸವಿಯ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಮನೆತುಂಬ ಮಕ್ಕಳಿದ್ದ ಕುಟುಂಬದಲ್ಲಿ ಅವರೇ ಎಲ್ಲರಿಗಿಂತ ಕಿರಿಯರು. ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡರು. ಮೂರು ವರ್ಷವಾದಾಗ ತಾಯಿಯೂ ಹೋದರು. ಸೋದರಮಾವ ಅಮೀರುದ್ದೀನ್ ತ್ಯಾಬ್‌ಜಿಯವರೂ ಮಕ್ಕಳಿಲ್ಲದ ಅತ್ತೆ ಹಮೀದಾ ಬೇಗಂ ಅವರೂ ಖೇತವಾಡಿಯ ತಮ್ಮ ಮನೆಯಲ್ಲಿ ಈ ತಬ್ಬಲಿ ಮಕ್ಕಳನ್ನು ಸಾಕಿದರು. ಮಾವನವರು ಬೇಟೆಯ ಶೋಕಿಯವರು. ಹುಡುಗನಿಗೂ ಒಂದು ಚಿಕ್ಕ ಗಾಳಿಬಂದೂಕು ದೊರೆಯಿತು. ಪಕ್ಷಿರಕ್ಷಕರೆಂದು ಮುಂದೆ ಹೆಸರಾದವರ ಕೈಯಲ್ಲಿ ಮೊದಲು ಕಂಡದ್ದು ಬಂದೂಕೇ ಎಂಬುದನ್ನು ಮರೆಮಾಚಬೇಕಾಗಿಲ್ಲ; ಅವರೂ ಮರೆಮಾಚಿದವರಲ್ಲ.

ಆ ಬಂದೂಕಿನಿಂದ ಒಂದು ದಿನ ಅವರು ಒಂದು ಗುಬ್ಬಿಯನ್ನು ಹೊಡೆದರು. ಕೈಗೆತ್ತಿಕೊಂಡು ನೋಡಿದರೆ ಅದರ ಗಂಟಲಿನ ಮೇಲೆ ಹಳದಿಯ ಬೊಟ್ಟು! ಮನೆಗುಬ್ಬಿಗೆ ಇಲ್ಲದ ಈ ಬಣ್ಣ ಇದಕ್ಕೆಲ್ಲಿಂದ ಬಂತೆಂದು ಹುಡುಗ ಮಾವನವರನ್ನು ಕೇಳಿದ. ಮಾವನವರಿಗೂ ಗೊತ್ತಿರಲಿಲ್ಲ. ಆದರೆ ಅವರು ಗದರಿಸಿ ಅಟ್ಟಲಿಲ್ಲ, ಉತ್ತರವನ್ನು ಕಲ್ಪಿಸಿಯೂ ಹೇಳಲಿಲ್ಲ. ಬಲ್ಲವರ ಬಳಿಗೆ ಕಳಿಸಿಕೊಟ್ಟರು. ನನಗೆ ಈ ಚರಿತ್ರೆಯಲ್ಲಿ ಅತ್ಯಂತ ಪ್ರಿಯನಾದ ವ್ಯಕ್ತಿ ಈ ಮಾವನೇ. 1908ರಲ್ಲಿ ಸತ್ತ ಗುಬ್ಬಿಯನ್ನು ಹಿಡಿದುಕೊಂಡು ಬಾಲಕ ಸಲೀಂ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಬಾಗಿಲಿಗೆ ಹೋದ. ಅಲ್ಲಿಯ ಗೌರವ ಕಾರ್ಯದರ್ಶಿಗಳಾದ ಡಬ್ಲ್ಯು. ಎಸ್. ಮಿಲ್ಲರ್ಡ್ ಎಂಬ ಆಂಗ್ಲರು ಅದು ಹಳದಿಗಂಟಲಿನ ಗುಬ್ಬಿಯೆಂದು ಗುರುತು ಹೇಳಿದರು. ಅಷ್ಟಕ್ಕೇ ಬಿಡದೆ ಕಪಾಟುಗಳನ್ನು ತೆರೆದು, ಒಣಗಿಸಿ ತುಂಬಿಟ್ಟ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನೂ ಕೊಟ್ಟರು.

ಹಾಗೆ ಕೊಟ್ಟವುಗಳಲ್ಲಿ ಒಂದು ಮುಂಬಯಿಯ ಸಾಮಾನ್ಯ ಹಕ್ಕಿಗಳನ್ನು ಕುರಿತದ್ದು. ಅದನ್ನು ಬರೆದವರು ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕಿನ್; ತಮ್ಮ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಈಹಾ ಎಂದು ಸಹಿ ಮಾಡುತ್ತಿದ್ದವರು. ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೇಳುವುದಕ್ಕೆ ವಾಚಕರು ಅಪ್ಪಣೆ ಕೊಡಬೇಕು. ಈ ಐಟ್ಕಿನ್ನರು ಸುಂಕ ಹಾಗೂ ಉಪ್ಪಿನ ಇಲಾಖೆಯ ಅಧಿಕಾರಿಗಳಾಗಿ ನಮ್ಮ ಕಾರವಾರದ ಸೀಮೆಯಲ್ಲಿ ಕೆಲಸ ಮಾಡಿದವರು. 1894ರಲ್ಲಿ ಹೊರಬಂದ ಅವರ ಇನ್ನೊಂದು ಪುಸ್ತಕದಲ್ಲಿ ನಮ್ಮ ಜಿಲ್ಲೆಯ ಕಾಡು, ಹುಳು, ಹಕ್ಕಿಗಳೇ ತುಂಬಿವೆ. 1883ರಲ್ಲಿ ಮುಂಬಯಿಯ ಆ ಸಂಘವನ್ನು ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. ಅದೇ ಕಾಲದಲ್ಲಿ ಜಿಲ್ಲೆಯ ಕಲೆಕ್ಟರರಾಗಿದ್ದ ಜೇಮ್ಸ್ ಡೇವಿಡ್‌ಸನ್ನರು ಉತ್ತರ ಕನ್ನಡದ ಹಕ್ಕಿಗಳನ್ನು ಪಟ್ಟಿಮಾಡಿ 1898ರಲ್ಲಿ ಸಂಘದ ನಿಯತಕಾಲಿಕೆಯಲ್ಲಿ ಪ್ರಕಟಿಸಿದರು. ಅರಣ್ಯಾಧಿಕಾರಿ ಟಿ. ಆರ್. ಬೆಲ್ಲರೂ ಇವರಿಬ್ಬರೂ ಕೂಡಿ ಇಲ್ಲಿಯ ಪಾತರಗಿತ್ತಿಗಳನ್ನೂ ಅಭ್ಯಸಿಸಿದರು. ಹೀಗೆ ಕಚೇರಿಯ ಕೆಲಸ ಮುಗಿಸಿ ಕಾರವಾರದ ಗುಡ್ಡ ಸುತ್ತಿದ ಒಬ್ಬ ಅಧಿಕಾರಿಯ ಬರಹವು ಮುಂಬಯಿಯ ತಬ್ಬಲಿ ಬಾಲಕನಿಗೆ ಮೊದಲ ಪಾಠವಾಯಿತು. ಆ ಅಧಿಕಾರಿಗಳ ಹಿಂದೆ ಗಂಟು ಹೊತ್ತು, ಗೂಡು ತೋರಿಸಿ, ಹಕ್ಕಿಯ ಊರಹೆಸರು ಹೇಳಿಕೊಟ್ಟ ನಮ್ಮ ಜನರೂ ಇದ್ದಿರಲೇಬೇಕು. ಅವರ ಹೆಸರುಗಳನ್ನು ಮಾತ್ರ ಪಟ್ಟಿಯಲ್ಲಿ ಕಾಣೆವು.

ಇರಲಿ. ಓದಿನಲ್ಲಿ ಸಲೀಂ ಅಲಿಯವರು ಚತುರರೆನಿಸಲಿಲ್ಲ. ಹದಿಮೂರರ ವಯಸ್ಸಿನಲ್ಲಿ ಬಿಡದ ತಲೆನೋವು ಹತ್ತಿ, ಹವೆ ಬದಲಾಗಲೆಂದು ಅವರನ್ನು ಸಿಂಧ ಪ್ರಾಂತಕ್ಕೆ ಬಂಧುಗಳ ಬಳಿಗೆ ಕಳಿಸಬೇಕಾಯಿತು. 1913ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಹೇಗೋ ಪಾರಾದರು. (ಆಗ ಧಾರವಾಡ, ಕಾರವಾರಗಳ ಹುಡುಗರಿಗೂ ಅದೇ ಪರೀಕ್ಷೆ.) ಸೇಂಟ್ ಝೇವಿಯರ್ ಕಾಲೇಜಿಗೆ ಸೇರಿದರು, ಒಂದು ವರ್ಷದಲ್ಲಿಯೇ ಬಿಟ್ಟರು. ಮನೆತನದವರ ಗಣಿ ಹಾಗೂ ನಾಟಾ ವ್ಯಾಪಾರವನ್ನು ನೋಡಿಕೊಳ್ಳಲು ಬರ್ಮಾದ ತವಾಯಿಗೆ ಹೋದರು. ಅಲ್ಲಿ ವ್ಯಾಪಾರಕ್ಕಿಂತ ಸುತ್ತಲಿನ ಕಾಡೇ ಅವರ ಮನಸ್ಸನ್ನು ಹಿಡಿಯಿತು. 1917ರಲ್ಲಿ ಮರಳಿ ಬಂದು ದಾವರರ ವಾಣಿಜ್ಯ ಕಾಲೇಜಿನಲ್ಲಿ ಕಾಯದೆ, ಲೆಕ್ಕಪತ್ರಗಳನ್ನು ಕಲಿಯತೊಡಗಿದರು. ಅದರ ಜೊತೆಗೇ ಝೇವಿಯರ್ ಕಾಲೇಜಿನ ಫಾದರ್ ಬ್ಲಾಟರ್ ಅವರ ಒತ್ತಾಯದಿಂದ ಪ್ರಾಣಿಶಾಸ್ತ್ರದ ಪಾಠಗಳನ್ನೂ ಕೇಳಿದರು. 1918ರಲ್ಲಿ ತೆಹಮೀನಾ ಎಂಬುವರೊಡನೆ ವಿವಾಹವಾಯಿತು.

ಆದರೆ ಪದವಿಯೆಂಬುದು ಅವರಿಗೆ ದೊರೆಯಲಿಲ್ಲ. ಈ ಪದವಿಯ ಮಾತನ್ನು ನಾನು ಬೇಗನೆ ದಾಟಿಹೋಗಲಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನಂಥವರಿಗೆ ಪದವಿಯೆಂದರೆ ಹೊಲದ ಬದುವನ್ನು ದಾಟುವ ಒಂದೇ ಸಂಕ. ಶ್ರೀಮಂತ ಬಂಧುಗಳಿದ್ದವರು ಕಾಲೇಜು ಬಿಟ್ಟ ಕಥೆಯನ್ನು ಹೇಳಿ, ನೋಡಿರಿ, ಪದವಿಯಿಲ್ಲದೆಯೂ ದೊಡ್ಡವರಾದರು ಎಂದು ಬಡವರ ಮಕ್ಕಳಿಗೆ ಉಪದೇಶಿಸುವುದು ನನಗೆ ಸರಿಕಾಣದು. ಸಲೀಂ ಅಲಿಯವರಿಗೆ ಅದರ ಕೊರತೆ ತಗಲಿಯೇ ತಗಲಿತು. ಭಾರತದ ಪ್ರಾಣಿಶಾಸ್ತ್ರ ಸರ್ವೇಕ್ಷಣ ಇಲಾಖೆಯಲ್ಲಿ ಪಕ್ಷಿತಜ್ಞರ ಹುದ್ದೆಯೊಂದು ತೆರವಾಗಿದ್ದಾಗ, ವಿಧ್ಯುಕ್ತವಾದ ಪದವಿಯಿಲ್ಲವೆಂಬ ಕಾರಣದಿಂದ ಅದು ಇವರಿಗೆ ತಪ್ಪಿಹೋಯಿತು. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಬಂದವರಿಗೆ ವಿವರಣೆ ಹೇಳುವ ಉಪನ್ಯಾಸಕನ ಕೆಲಸವೊಂದು ತಿಂಗಳಿಗೆ 350 ರೂಪಾಯಿ ಸಂಬಳದ ಮೇಲೆ ಸಿಕ್ಕಿತು. ಕಲಿತದ್ದು ಸಾಲದೆಂದು ಅವರಿಗೇ ಅನ್ನಿಸಿತು. ರಜೆ ಪಡೆದು 1928ರಲ್ಲಿ ಜರ್ಮನಿಗೆ ಹೊರಟರು.

ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ ಎರ್ವಿನ್ ಸ್ಟ್ರೆಸೆಮಾನ್ ಎಂಬ ಪ್ರಸಿದ್ಧ ಪಂಡಿತರಿದ್ದರು. ಪದವಿಯ ಕಾಗದವನ್ನು ಕೇಳದೆ ಅವರು ಈ ತರುಣನನ್ನು ಶಿಷ್ಯನಾಗಿ ಸ್ವೀಕರಿಸಿದರು. ಸಲೀಂ ಅಲಿಯವರು ತಮ್ಮ ಜೀವಮಾನದುದ್ದಕ್ಕೂ ಗುರುವೆಂದು ಭಾವಿಸಿದ್ದು ಇವರನ್ನೇ. ಉತ್ತರ ಸಮುದ್ರದ ಹೆಲಿಗೋಲ್ಯಾಂಡ್ ದ್ವೀಪದಲ್ಲಿ ವಲಸೆಹಕ್ಕಿಗಳನ್ನು ಬಲೆಯಲ್ಲಿ ಹಿಡಿದು ಕಾಲಿಗೆ ಬಳೆ ತೊಡಿಸುವ ಕೆಲಸ ನಡೆಯುತ್ತಿತ್ತು. 1929ರಲ್ಲಿ ಅಲ್ಲಿಗೂ ಹೋಗಿ ಆ ವಿದ್ಯೆಯನ್ನು ಕೈಯಾರೆ ಕಲಿತರು. ಅತ್ತಿವೇರಿಯ ಹಕ್ಕಿಗಳ ಪ್ರಶ್ನೆಗೆ ಉತ್ತರ ಹುಡುಕುವ ಉಪಾಯ ಅವರಿಗೆ ದೊರೆತದ್ದು ಆ ದ್ವೀಪದಲ್ಲಿ.

1930ರಲ್ಲಿ ಮರಳಿ ಬಂದು ನೋಡಿದರೆ ಅವರ ಹುದ್ದೆಯೇ ಇರಲಿಲ್ಲ. ಹಣದ ಅಡಚಣೆಯಿಂದ ಅದನ್ನು ತೆಗೆದುಹಾಕಿದ್ದರು. ಬಾಡಿಗೆ ಮನೆಯ ಖರ್ಚು ನಿಭಾಯಿಸಲಾಗದೆ ದಂಪತಿಗಳು ಮುಂಬಯಿಗೆ ಎದುರಾಗಿ ಕಡಲಾಚೆಯಿರುವ ಕಿಹಿಂ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಆ ಮನೆಯ ಹತ್ತಿರ ಗೀಜಗನ ಹಕ್ಕಿಗಳು ಗೂಡು ನೇಯುತ್ತಿದ್ದವು. ಉದ್ಯೋಗವಿಲ್ಲದ ಮನುಷ್ಯನಿಗೆ ಪುರಸತ್ತು ಬೇಕಾದಷ್ಟಿತ್ತು. ಮಳೆಗಾಲದ ಆ ತಿಂಗಳುಗಳಲ್ಲಿ ಅವರು ದಿನವೂ ಕುಳಿತು ಗೀಜಗನ ಸಂಸಾರವನ್ನು ನೋಡಿದರು.

ಗೀಜಗನ ಗೂಡನ್ನು ನಮ್ಮಲ್ಲಿ ಕಾಣದವರಿಲ್ಲ. ಬಾವಿಯ ಮೇಲೆ ಬಾಗಿದ ಟೊಂಗೆಯಿಂದಲೋ ಈಚಲ ಗರಿಯ ತುದಿಯಿಂದಲೋ ತೂಗುವ ಆ ಗೂಡುಗಳಲ್ಲಿ ಕೆಲವು ಪೂರ್ತಿಯಾಗಿರುತ್ತವೆ, ಕೆಲವು ಅರ್ಧಕ್ಕೇ ನಿಂತಿರುತ್ತವೆ. ಅರ್ಧ ಏಕೆ ನಿಂತಿತೆಂದು ನಾವು ಕೇಳಿದ್ದೇವೆಯೆ? ಸಲೀಂ ಅಲಿಯವರು ಕೇಳಿದರು. ನೇಯುವವನು ಗಂಡು. ಗೂಡು ಅರ್ಧವಾದಾಗ ಹೆಣ್ಣುಗಳು ಬಂದು ಒಳಹೊಕ್ಕು ಎಳೆದು ಜಗ್ಗಿ ಪರೀಕ್ಷಿಸುತ್ತವೆ. ಹೆಣ್ಣಿಗೆ ಒಪ್ಪಿಗೆಯಾದರೆ ಅವಳು ಆ ಗೂಡನ್ನೂ ಅದರ ಒಡೆಯನನ್ನೂ ಸ್ವೀಕರಿಸುತ್ತಾಳೆ. ಆಮೇಲೆ ಗಂಡು ಅದನ್ನು ಪೂರ್ತಿಮಾಡುತ್ತಾನೆ. ಒಪ್ಪಿಗೆಯಾಗದ ಗೂಡು ಹಾಗೆಯೇ ಉಳಿಯುತ್ತದೆ. ಮೊದಲನೆಯವಳು ಮೊಟ್ಟೆಯ ಮೇಲೆ ಕುಳಿತೊಡನೆ ಈ ಮಹಾಶಯ ಮತ್ತೊಂದು ಗೂಡಿಗೆ ಕೈಹಚ್ಚಿ ಮತ್ತೊಬ್ಬಳಿಗಾಗಿ ಕಾಯುತ್ತಾನೆ! ಶತಮಾನಗಳಿಂದ ಎಲ್ಲರ ಕಣ್ಣೆದುರಿಗೇ ನಡೆಯುತ್ತಿದ್ದ ಸಂಗತಿ ಇದು. 1931ರಲ್ಲಿ ಈ ಅಧ್ಯಯನವು ಪ್ರಕಟವಾದಾಗ ವಿದ್ವಾಂಸರು ತಲೆದೂಗಿದರು. ನೌಕರಿ ಹೋದುದೇ ಅವರಿಗೆ ಕೀರ್ತಿಯ ಬಾಗಿಲಾಯಿತು.

ತರುವಾಯ ಅವರು ದೇಶೀ ಸಂಸ್ಥಾನಗಳಿಗೆ ಒಂದು ಸೂಚನೆ ಮಾಡಿದರು: ಪ್ರವಾಸದ ಖರ್ಚನ್ನು ಮಾತ್ರ ನೀವು ಕೊಡಿರಿ, ನಾನು ಸಂಬಳವಿಲ್ಲದೆ ನಿಮ್ಮ ನಾಡಿನ ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ ಎಂಬುದು ಅದರ ತಾತ್ಪರ್ಯ. ಹೈದರಾಬಾದು, ತಿರುವಾಂಕೂರು, ಕೊಚ್ಚಿ, ಗ್ವಾಲಿಯರ್, ಇಂದೋರು, ಭೋಪಾಲ ಮುಂತಾದ ಸಂಸ್ಥಾನಗಳನ್ನು ಹೀಗೆ ತಿರುಗಿದರು. ಡೇರೆ, ಎತ್ತಿನ ಗಾಡಿ, ಸೀಮೆಎಣ್ಣೆಯ ದೀಪಗಳ ಈ ಸಂಸಾರದಲ್ಲಿ ತೆಹಮೀನಾ ಅವರು ಬೇಸರಪಡದೆ ಜೊತೆಗಿದ್ದರು. ಆದರೆ 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿಯವರು ತಂಗಲು ಅಕ್ಕ ಕಮೂ ಅವರ ಮನೆಯನ್ನು ಆಶ್ರಯಿಸಿದರು, ಮತ್ತೆ ವಿವಾಹವಾಗಲಿಲ್ಲ.

ಆ ದುಃಖದ ಬೆನ್ನಿಗೇ ಬಂದದ್ದು ಮೈಸೂರು ಸಂಸ್ಥಾನದ ಸಮೀಕ್ಷೆ. 1939-40ರಲ್ಲಿ ಅವರು ಕನ್ನಡನಾಡಿನ ಆ ಭಾಗವನ್ನೆಲ್ಲ ಸುತ್ತಿದರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಗೆ ಹಿಂದೆ ಅರಸರು ಕಟ್ಟಿಸಿದ್ದ ಒಡ್ಡಿನಿಂದ ಉಂಟಾದ ನಡುಗಡ್ಡೆಗಳಲ್ಲಿ ಕೊಕ್ಕರೆ, ಕೆಂಬರಲು, ಚಮಚದ ಕೊಕ್ಕಿನ ಹಕ್ಕಿಗಳು ಸಾವಿರಗಟ್ಟಲೆ ಸೇರುತ್ತಿದ್ದುವು. ಇದನ್ನು ಕಂಡ ಸಲೀಂ ಅಲಿಯವರು ಆ ಸ್ಥಳವನ್ನು ಕಾಪಾಡಬೇಕೆಂದು ಸರ್ಕಾರಕ್ಕೆ ಒತ್ತಿ ಹೇಳಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾಯಿತು. ನೀರಾವರಿಗಾಗಿ ಮನುಷ್ಯರು ಕಟ್ಟಿದ ನೀರಿನಲ್ಲಿಯೂ ಹಕ್ಕಿಗೆ ಪಾಲಿದೆಯೆಂಬ ತತ್ತ್ವವು ಅಲ್ಲಿ ಒಪ್ಪಿತವಾದುದರಿಂದಲೇ ಮುಂದೆ ಅತ್ತಿವೇರಿಯಂಥ ಜಲಾಶಯವೂ ಪಕ್ಷಿಧಾಮವಾಗುವುದಕ್ಕೆ ದಾರಿಯಾಯಿತೆಂದು ನನ್ನ ಭಾವನೆ. ನಮ್ಮ ಉತ್ತರ ಕನ್ನಡವು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಮೈಸೂರಿನ ಆ ಸಮೀಕ್ಷೆಯಲ್ಲಿ ಒಳಪಡಲಿಲ್ಲ. ಸೊರಬದ ಗಡಿ ದಾಟಿದರೆ ಹಕ್ಕಿಗೆ ಎರಡೂ ಒಂದೇ ನೆಲ. ಕಾಗದದಲ್ಲಿ ಮಾತ್ರ ಎರಡು.

1941ರಲ್ಲಿ ಭಾರತದ ಹಕ್ಕಿಗಳನ್ನು ಕುರಿತ ಅವರ ಸಚಿತ್ರ ಪುಸ್ತಕವು ಹೊರಬಿತ್ತು. ಸಾಮಾನ್ಯನೂ ಅದನ್ನು ಕೈಯಲ್ಲಿ ಹಿಡಿದು, ಎದುರಿನ ಹಕ್ಕಿ ಯಾವುದೆಂದು ತಾನೇ ಗುರುತಿಸಬಹುದಾಗಿತ್ತು. ಸೆರೆಮನೆಯಲ್ಲಿದ್ದ ನೆಹರೂ ಅವರು ಆ ಪುಸ್ತಕವನ್ನು ಮಗಳು ಇಂದಿರೆಗೆ ಕಳಿಸಿದರೆಂಬುದು ಪ್ರಸಿದ್ಧವಾಗಿದೆ. ಸ್ವಾತಂತ್ರ್ಯ ಬಂದ ಬಳಿಕ ಮುಂಬಯಿಯ ಸಂಘವು ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಾಗ ಸಲೀಂ ಅಲಿಯವರು ಅದೇ ನೆಹರೂ ಅವರಿಗೆ ಬರೆದು ನೆರವು ಪಡೆದು ಅದನ್ನು ಉಳಿಸಿಕೊಂಡರು.

ಈಗ ನಮ್ಮ ನೆರೆಹೊರೆಯ ವಿಷಯಕ್ಕೆ ಬರೋಣ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಕಾಡಿಗೆ ಹೋಗಿಬರುವ ಜನರಿಗೂ ಘೋರವಾದ ಜ್ವರ ಹತ್ತಿತು, ಹಲವರು ಅಸುನೀಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಇದು ಹೊಸ ರೋಗವೆಂದು ಕಂಡುಕೊಂಡರು. ಇದನ್ನೇ ನಾವು ಮಂಗನ ಕಾಯಿಲೆಯೆನ್ನುವುದು. ಆಶ್ಚರ್ಯವೇನೆಂದರೆ ಇದರ ವೈರಸ್ಸು ದೂರದ ರಷ್ಯಾ, ಸೈಬೀರಿಯಾಗಳಲ್ಲಿ ಕಂಡುಬಂದಿದ್ದ ಕೆಲವು ಜ್ವರಗಳ ವೈರಸ್ಸುಗಳಿಗೆ ಹತ್ತಿರದ ಸಂಬಂಧಿಯಾಗಿತ್ತು. ಸೈಬೀರಿಯದ ನಂಟು ಮಲೆನಾಡಿಗೆ ಬಂದುದು ಹೇಗೆ? ಸಂಶಯವು ಸಹಜವಾಗಿಯೇ ಚಳಿಗಾಲದ ಹಕ್ಕಿಗಳ ಮೇಲೆ ಹೋಯಿತು. ಅವುಗಳ ಮೈಗೆ ಅಂಟಿದ ಉಣುಗುಗಳ ಮೂಲಕ ರೋಗವು ಬಂದಿರಬಹುದೆಂದು ವಿಜ್ಞಾನಿಗಳು ತರ್ಕಿಸಿದರು.

ಹಳ್ಳಿಗಳಲ್ಲಿ ಇಂಥ ಸಂಶಯ ಹಬ್ಬಿದರೆ ಏನಾಗಬಹುದೆಂಬುದನ್ನು ಊಹಿಸುವುದು ಕಠಿಣವಲ್ಲ. ಆದರೆ ಅತ್ತ ಹಕ್ಕಿಯೇ ಅಪರಾಧಿಯೆನ್ನಲೂ ಇತ್ತ ನಿರಪರಾಧಿಯೆನ್ನಲೂ ಯಾರ ಬಳಿಯಲ್ಲಿಯೂ ಪುರಾವೆಯಿರಲಿಲ್ಲ. ಯಾವ ಹಕ್ಕಿ ಯಾವ ದೇಶದಿಂದ ಬರುತ್ತದೆಂಬುದೇ ಸರಿಯಾಗಿ ತಿಳಿಯದೆ ಇದ್ದಾಗ ಮೊಕದ್ದಮೆ ನಡೆಸುವುದು ಹೇಗೆ? ಹೆಲಿಗೋಲ್ಯಾಂಡಿನಲ್ಲಿ ಕಲಿತ ವಿದ್ಯೆಗೆ ಈಗ ವೇಳೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಸಲೀಂ ಅಲಿಯವರ ಮುಂದಾಳುತನದಲ್ಲಿ ಹಕ್ಕಿಗಳ ವಲಸೆಯ ಅಧ್ಯಯನ ಮೊದಲಾಯಿತು. ಕಛ್, ಭರತಪುರ, ತಮಿಳುನಾಡಿನ ಕೋಡಿಯಕ್ಕರೆ ಮುಂತಾದೆಡೆಗಳಲ್ಲಿ ಶಿಬಿರಗಳು ನಡೆದವು. ಹಿಂದೆ ಹಕ್ಕಿ ಹಿಡಿದು ಮಾರಿ ಹೊಟ್ಟೆಹೊರೆಯುತ್ತಿದ್ದ ಬಿಹಾರದ ಮೀರ್‌ಶಿಕಾರಿ ಜನರನ್ನೇ ಕರೆಸಿದರು. ಹಕ್ಕಿಗೆ ನೋವಾಗದಂತೆ ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಹಿಡಿದ ಹಕ್ಕಿಯನ್ನು ಅಳೆದು, ತೂಗಿ, ಉಣುಗು ಹುಡುಕಿ, ರಕ್ತದ ಮಾದರಿ ತೆಗೆದು, ಬಳೆ ತೊಡಿಸಿ ಬಿಡುತ್ತಿದ್ದರು. ಬಳೆಯ ಮೇಲೆ ಒಂದು ಸಂಖ್ಯೆ, ಸಿಕ್ಕವರು ಮುಂಬಯಿಯ ಸಂಘಕ್ಕೆ ತಿಳಿಸಬೇಕೆಂಬ ಕೋರಿಕೆ. ಕೆಲವು ವರ್ಷಗಳಲ್ಲಿ ಉತ್ತರಗಳು ಬರತೊಡಗಿದವು. ಭರತಪುರದಲ್ಲಿ ಬಳೆ ತೊಟ್ಟ ಬಾತುಗಳು ಸೈಬೀರಿಯದಲ್ಲಿಯೂ ಮಧ್ಯ ಏಷ್ಯಾದಲ್ಲಿಯೂ ಸಿಕ್ಕಿದವು. ಹಕ್ಕಿಗಳ ಹಾದಿ ಹೀಗೆ ನಕಾಶೆಯ ಮೇಲೆ ಮೂಡಿತು. ಆದರೆ ಮಂಗನ ಕಾಯಿಲೆಯನ್ನು ಅವು ಹೊತ್ತುತಂದವೆಂಬುದಕ್ಕೆ ಆಧಾರ ದೊರೆಯಲಿಲ್ಲ. ರೋಗವು ನಮ್ಮ ಕಾಡಿನ ಉಣುಗುಗಳಲ್ಲಿಯೇ ನೆಲೆಸಿದ್ದು, ಮಂಗಗಳ ಹಾಗೂ ಸಣ್ಣ ಪ್ರಾಣಿಗಳ ಮೂಲಕ ಬೆಳೆದು ಮನುಷ್ಯರಿಗೆ ತಗಲುತ್ತದೆ. ಈಚಿನ ವರ್ಷಗಳಲ್ಲಿಯೂ ಸಿದ್ದಾಪುರ, ಹೊನ್ನಾವರಗಳ ಕಡೆ ಅದು ಜೀವಗಳನ್ನು ಬಲಿತೆಗೆದುಕೊಂಡಿದೆ. ಹಕ್ಕಿಯ ಮೇಲಿನ ಆರೋಪ ಹೋಯಿತು, ಕಾಯಿಲೆ ಹೋಗಲಿಲ್ಲ.

ಈ ಅಧ್ಯಯನದ ಮೇಲೂ ಆಕ್ಷೇಪಣೆಗಳು ಬಂದವು. ಮುಂದೆ ಅದಕ್ಕೆ ಅಮೇರಿಕದ ಸೈನ್ಯಕ್ಕೆ ಸಂಬಂಧಿಸಿದ ಒಂದು ಸಂಶೋಧನ ವಿಭಾಗದ ಹಣವೂ ಬಂದಿತ್ತು. ಹಕ್ಕಿಗಳ ಮೂಲಕ ರೋಗ ಹರಡುವ ಯುದ್ಧತಂತ್ರಕ್ಕೆ ಇದು ಸಹಾಯವಾದೀತೆಂದು 1970ರ ದಶಕದಲ್ಲಿ ಪತ್ರಿಕೆಗಳಲ್ಲಿಯೂ ಪಾರ್ಲಿಮೆಂಟಿನಲ್ಲಿಯೂ ಕೇಳಿದರು. ಸಲೀಂ ಅಲಿಯವರಿಗೆ ಅದರಿಂದ ಬಹಳ ನೋವಾಯಿತು. ಅವರು ದೇಶದ್ರೋಹದ ಮನುಷ್ಯರಲ್ಲವೆಂಬುದು ನಿಸ್ಸಂದೇಹ. ಆದರೂ ಹಣ ಕೊಡುವವರ ಉದ್ದೇಶವೇನೆಂದು ಕೇಳುವುದು ಪ್ರಜೆಗಳ ಹಕ್ಕು ಎಂದೇ ನನಗನ್ನಿಸುತ್ತದೆ.

ಭರತಪುರದ ಮಾತು ಬಂದುದರಿಂದ ಅಲ್ಲಿಯ ಎರಡು ಸಂಗತಿಗಳನ್ನು ಹೇಳಬೇಕು. ಅದು ಹಿಂದೆ ಅರಸರ ಬಾತುಬೇಟೆಯ ಕೆರೆ. ವೈಸರಾಯ್ ಲಿನ್‌ಲಿತ್‌ಗೋ ಅವರ ತಂಡವು ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಹೊಡೆದು ಕೆಡವಿದ ದಾಖಲೆ ಅಲ್ಲಿಯದು. ಆ ದಿನ 1938ರ ನವೆಂಬರ್ 12, ಸಲೀಂ ಅಲಿಯವರ ನಲವತ್ತೆರಡನೆಯ ಹುಟ್ಟುಹಬ್ಬ! ಸ್ವಾತಂತ್ರ್ಯಾನಂತರ ಕೆರೆಯನ್ನು ಬತ್ತಿಸಿ ಹೊಲಮಾಡಬೇಕೆಂಬ ಕೂಗೆದ್ದಾಗ ಅದನ್ನು ತಡೆದು ಪಕ್ಷಿಧಾಮವಾಗಿ ಉಳಿಸಿದವರಲ್ಲಿ ಅವರೇ ಪ್ರಮುಖರು. ಇದು ಒಂದು.

ಎರಡನೆಯದು ಅಷ್ಟು ಹಿತವಾದುದಲ್ಲ. ಸುತ್ತಲಿನ ಹಳ್ಳಿಗಳ ಎಮ್ಮೆಗಳು ಅಲ್ಲಿ ಮೇಯುವುದರಿಂದ ಹಕ್ಕಿಗಳಿಗೆ ಕೇಡೆಂದು ಅವರೂ ಅವರ ಸಂಗಡಿಗರೂ ನಂಬಿದ್ದರು. ಅದು ರಾಷ್ಟ್ರೀಯ ಉದ್ಯಾನವಾದ ಮೇಲೆ, 1982ರಲ್ಲಿ, ಮೇವನ್ನು ನಿಷೇಧಿಸಿದರು. ಹಳ್ಳಿಗರು ಪ್ರತಿಭಟಿಸಿದಾಗ ಪೋಲೀಸರ ಗುಂಡಿಗೆ ಕೆಲವರು ಪ್ರಾಣ ಕಳೆದುಕೊಂಡರು. ಎಮ್ಮೆಗಳು ಹೊರಹೋದ ಮೇಲೆ ನೀರಿನಲ್ಲಿ ಹುಲ್ಲು ದಟ್ಟವಾಗಿ ಬೆಳೆದು, ಬಾತುಗಳಿಗೆ ಈಜಲೂ ಸ್ಥಳವಿಲ್ಲದಂತಾಯಿತು. ಇದನ್ನು ಕಂಡುಹಿಡಿದು ಹೇಳಿದ್ದು ಸಲೀಂ ಅಲಿಯವರ ಅದೇ ಸಂಘದ ದೀರ್ಘ ಅಧ್ಯಯನ. ಕೆರೆಯಂಗಳದಲ್ಲಿ ದನ ಮೇಯಿಸಿದ ಮನೆತನದಿಂದ ಬಂದವನಾದ ನನಗೆ ಈ ಭಾಗವನ್ನು ಬಿಟ್ಟು ಬರೆಯಲು ಮನಸ್ಸೊಪ್ಪಲಿಲ್ಲ. ಗೀಜಗನ ಗೂಡಿನ ಮುಂದೆ ತಿಂಗಳುಗಟ್ಟಲೆ ಕುಳಿತವರು ಎಮ್ಮೆ ಕಾಯುವವನ ಬಳಿಯೂ ನಾಲ್ಕು ದಿನ ಕುಳಿತಿದ್ದರೆ ಚೆನ್ನಾಗಿತ್ತು.

ಅವರ ಪ್ರವಾಸಗಳಲ್ಲಿ ಇನ್ನೊಂದು ನಮ್ಮ ತಾಲೂಕಿಗೆ ವಿಚಿತ್ರವಾಗಿ ಹೊಂದುತ್ತದೆ. 1945ರಲ್ಲಿ ಅವರು ಹಿಮಾಲಯವನ್ನು ದಾಟಿ ಮಾನಸ ಸರೋವರ, ಕೈಲಾಸಗಳಿಗೆ ಹೋದರು. ಅವರದು ಹಕ್ಕಿಗಳ ಯಾತ್ರೆ. ಟಿಬೆಟಿನ ಆ ಎತ್ತರದ ಸರೋವರಗಳಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬೇಸಗೆಯಲ್ಲಿ ಮರಿಮಾಡುತ್ತವೆ. ನಮ್ಮ ಕವಿಗಳು ಹಾಡಿದ ಮಾನಸದ ಹಂಸ ಇದೇ ಇರಬೇಕೆಂದು ಕೆಲವು ಪಂಡಿತರ ಮತ. ಈ ಹೆಬ್ಬಾತುಗಳ ದೊಡ್ಡ ಹಿಂಡುಗಳು ಪ್ರತಿ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿದು ಹೊಲಗಳಲ್ಲಿ ಮೇಯುತ್ತವೆ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. 2024ರಲ್ಲಿ ಮಾಗಡಿ ಕೆರೆಯೂ ಅಘನಾಶಿನಿಯ ಅಳಿವೆಯೂ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಯಲ್ಲಿ ಒಟ್ಟಿಗೇ ಸೇರಿದವು. ಅದೇ ಟಿಬೆಟಿನಿಂದ ಮನೆಮಾರು ಬಿಟ್ಟು ಬಂದ ಜನರು 1966ರಿಂದ ನಮ್ಮ ಮುಂಡಗೋಡಿನಲ್ಲಿ ನೆಲೆಸಿದ್ದಾರೆ. ಹಕ್ಕಿಗಳು ಚೈತ್ರದ ಹೊತ್ತಿಗೆ ಮರಳಿಹೋಗುತ್ತವೆ. ಇವರಿಗೆ ಆ ಭಾಗ್ಯವಿಲ್ಲ.

ಉಳಿದುದನ್ನು ಬೇಗನೆ ಹೇಳಿಬಿಡುತ್ತೇನೆ. ಅಮೇರಿಕದ ಡಿಲನ್ ರಿಪ್ಲೆಯವರೊಡನೆ ಕೂಡಿ ಬರೆದ ಭಾರತ ಹಾಗೂ ಪಾಕಿಸ್ತಾನಗಳ ಹಕ್ಕಿಗಳ ಕೈಪಿಡಿ 1968ರಿಂದ 1974ರವರೆಗೆ ಹತ್ತು ಸಂಪುಟಗಳಲ್ಲಿ ಹೊರಬಂದಿತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಸಂದವು. ಪದವಿಯಿಲ್ಲದವರಿಗೆ ಅಲಿಗಢ, ದಿಲ್ಲಿ, ಆಂಧ್ರ ವಿಶ್ವವಿದ್ಯಾಲಯಗಳು ತಾವಾಗಿಯೇ ಡಾಕ್ಟರೇಟ್ ಕೊಟ್ಟವು. ಗೆಟ್ಟಿ ಪಾರಿತೋಷಕದಿಂದ ಬಂದ 50,000 ಡಾಲರುಗಳ ಬಹುಭಾಗವನ್ನು ತಮ್ಮ ಸಂಘಕ್ಕೇ ಒಪ್ಪಿಸಿದರು. ಮೋಟಾರ್ ಸೈಕಲ್ಲಿನ ಹುಚ್ಚು ಅವರಿಗೆ ವಿಶೇಷವಾಗಿತ್ತು. 1950ರಲ್ಲಿ ಸ್ವೀಡನ್ನಿನ ಪಕ್ಷಿತಜ್ಞರ ಮಹಾಸಭೆಗೆ ತಮ್ಮ ಗಾಡಿಯ ಮೇಲೆಯೇ ಹೋಗಿಳಿದರು. 1985ರಲ್ಲಿ ರಾಜ್ಯಸಭೆಗೆ ನಾಮಕರಣವಾಯಿತು. ಅದೇ ವರ್ಷ ಪ್ರಕಟವಾದ ತಮ್ಮ ಆತ್ಮಕಥೆಗೆ ಹೆಸರಿಡುವಾಗ ಹಿಂದೆ ತಾವು ಹೊಡೆದು ಕೆಡವಿದ ಆ ಗುಬ್ಬಿಯನ್ನೇ ನೆನೆದರು. ತೊಂಬತ್ತು ವರ್ಷ ತುಂಬಿದ ಮೇಲೆ, 1987ರ ಜೂನ್ 20ರಂದು, ಮುಂಬಯಿಯಲ್ಲಿ ದೀರ್ಘಕಾಲದ ಬೇನೆಯಿಂದ ತೀರಿಕೊಂಡರು. ಅವರ ಹೆಸರಿನ ಸಂಶೋಧನ ಕೇಂದ್ರವೊಂದು 1990ರಲ್ಲಿ ಕೊಯಮತ್ತೂರಿನಲ್ಲಿ ಸ್ಥಾಪಿತವಾಯಿತು.

ಬಳೆ ತೊಡಿಸುವ ಕೆಲಸ ಅವರ ತರುವಾಯವೂ ನಿಂತಿಲ್ಲ. ಮಿತ್ರರಲ್ಲಿ ಯಾರಿಗಾದರೂ ಅತ್ತಿವೇರಿಯ ದಂಡೆಯಲ್ಲಿಯೋ ತಮ್ಮ ಗದ್ದೆಯ ಬದುವಿನಲ್ಲಿಯೋ ಕಾಲಿಗೆ ಲೋಹದ ಬಳೆಯಿರುವ ಸತ್ತ ಹಕ್ಕಿ ಸಿಕ್ಕಿದರೆ ಬಳೆಯನ್ನು ಬಿಸಾಡಬಾರದು. ಅದರ ಮೇಲಿನ ಸಂಖ್ಯೆ, ಸಿಕ್ಕ ಊರು, ತಾರೀಖುಗಳನ್ನು ಬರೆದು ಮುಂಬಯಿಯ ಸಂಘಕ್ಕೆ ಕಳಿಸಬೇಕು. ಹಕ್ಕಿ ಬದುಕಿದ್ದರೆ ಸಂಖ್ಯೆಯನ್ನು ಓದಿಕೊಂಡು, ಬಳೆಯ ಸಮೇತ ಬಿಟ್ಟುಬಿಡಬೇಕು.